ಬಾಯಾರು ಆರಿಸಿದ ಯಂತ್ರ

ಇನಾಮದಾರ ಬಾಯಿಯವರ ಕೈಗೆ ಏನು ಕೊಟ್ಟರೂ ಅವರು ಮೊದಲು ಅದನ್ನು ತಿರುವಿ ಬುಡ ನೋಡುತ್ತಿದ್ದರು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಹಿತ್ತಾಳೆಯ ಸಮೆ ದೀಪ ಕೊಳ್ಳುವಾಗಲೂ ಅಷ್ಟೆ, ಮಂಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಅಷ್ಟೆ. ನನ್ನ ಮಗಳು ಹುಟ್ಟಿದಾಗ ನೋಡಲು ಬಂದವರು, ಎತ್ತಿಕೊಳ್ಳುವ ಮೊದಲು ಕೂಸನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಇದನ್ನ ಎಲ್ಲಿ ಹಿಡೀಬೇಕವಾ?" ಎಂದು ಕೇಳಿದ್ದರು. ಅವರಿಗೆ ಮಕ್ಕಳಿರಲಿಲ್ಲ. ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ನನಗೆ ತಿಳಿಯಲಿಲ್ಲ.

ಅದು ಅವರ ಕಸುಬಿನ ಪ್ರಶ್ನೆ. ತೊಂಬತ್ತರ ದಶಕದ ನಡುವೆ ನಾನು ಪುಣೆಯ ಹತ್ತಿರ ಭೋಸರಿಯ ಒಂದು ಕಾರ್ಖಾನೆಗೆ ಸೇರಿದಾಗ ಅವರು ಅಲ್ಲಿ ಫಿಕ್ಸ್ಚರ್ ವಿಭಾಗದ ಮುಖ್ಯಸ್ಥೆ. ಲೋಹದ ತುಂಡನ್ನು ಯಂತ್ರ ಕಡಿಯುವಾಗ ಅದು ಅಲುಗದಂತೆ ಹಿಡಿದಿಡುವ ಸಾಧನಕ್ಕೆ ಫಿಕ್ಸ್ಚರ್ ಎನ್ನುತ್ತಾರೆ. ನಮ್ಮಲ್ಲಿ ದೊಡ್ಡ ಪಂಪುಗಳೊಳಗೆ ತಿರುಗುವ ರೆಕ್ಕೆಚಕ್ರಗಳು ತಯಾರಾಗುತ್ತಿದ್ದವು. ಒಂದು ಚಕ್ರ ಮುಗಿಯುವಷ್ಟರಲ್ಲಿ ಅದನ್ನು ಹಲವು ಸಲ ಬಿಚ್ಚಿ, ಬೇರೆ ಬೇರೆ ಓರೆಯಲ್ಲಿ ಮತ್ತೆ ಕಟ್ಟಬೇಕಾಗುತ್ತಿತ್ತು. ಪ್ರತಿಯೊಂದು ಓರೆಗೂ ಒಂದೊಂದು ಫಿಕ್ಸ್ಚರ್, ಅದರ ನಕ್ಷೆ ಬಾಯಿಯವರದು. ಯಾವ ಕೆಲಸ ಯಾವುದರ ಹಿಂದೆ ಆಗಬೇಕೆಂದು ಯೋಜಿಸುವುದು ನನ್ನ ಪಾಲಿನದು. ಹೀಗಾಗಿ ನಾನು ಹೆಚ್ಚು ಹೊತ್ತು ಇರುತ್ತಿದ್ದುದು ಅವರ ಮೇಜಿನ ಎದುರಿಗೇ.

ಗದಗಿನವರು. ಇಳಕಲ್ ಸೀರೆ, ಅದರ ಮೇಲೆ ನೀಲಿ ಏಪ್ರನ್ನು, ಕಾಲಿಗೆ ಉಕ್ಕಿನ ಮೂತಿಯ ಬೂಟು. ಆ ವೇಷದಲ್ಲಿ ಯಂತ್ರಗಳ ನಡುವೆ ಅವರು ದಡದಡ ನಡೆದು ಬಂದರೆ ಕೆಲಸಗಾರರು ತಾವಾಗಿಯೇ ದಾರಿ ಬಿಡುತ್ತಿದ್ದರು. ಕೆಲಸಗಾರರೊಡನೆ ಅಪ್ಪಟ ಪುಣೆಯ ಮರಾಠಿ. ನಾನು ವಿಜಯಪುರದವಳು ಎಂದು ತಿಳಿದ ದಿನದಿಂದ ನನ್ನೊಡನೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಎಲ್ಲರೂ ಮ್ಯಾಡಮ್ ಎನ್ನುತ್ತಿದ್ದರು, ನಾನು ಬಾಯಾರ ಎನ್ನುತ್ತಿದ್ದೆ. ಊಟದ ಡಬ್ಬಿ ತೆರೆದಾಗ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕಡೆ ಸರಿಸುವರು. ಬೇಡ ಎಂದರೆ ಕೇಳಿಸಿಕೊಂಡವರಲ್ಲ.

ಒಮ್ಮೆ ತೀರ ತೆಳು ರೆಕ್ಕೆಗಳ ಒಂದು ಚಕ್ರ ಬಂತು. ಕಡಿಯುವಾಗ ರೆಕ್ಕೆಗಳು ನಡುಗಿ ಮೈಯೆಲ್ಲ ಗೆರೆ ಬೀಳುತ್ತಿತ್ತು. ತುಂಡಿನ ಹಿಂದೆ ತುಂಡು ಹಾಳಾಯಿತು. ಬಾಯಿಯವರು ಎರಡು ದಿನ ಹಾಳಾದ ತುಂಡುಗಳ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತರು. ಆಮೇಲೆ ಬಿಸಿನೀರಿಗೇ ಕರಗುವ ಒಂದು ಮಿಶ್ರಲೋಹ ತರಿಸಿ, ಕಾಯಿಸಿ, ರೆಕ್ಕೆಗಳ ಸಂದಿಗೆ ಹೊಯ್ದು ಗಟ್ಟಿ ಮಾಡಿದರು. ಚಕ್ರ ಒಂದೇ ಬಂಡೆಯಂತಾಯಿತು. ಕಡಿದು ಮುಗಿದ ಮೇಲೆ ಬಿಸಿನೀರಿನಲ್ಲಿ ಇಳಿಬಿಟ್ಟಾಗ ಸಂದಿಯ ಲೋಹ ಇಳಿದುಹೋಗಿ ರೆಕ್ಕೆಗಳು ನುಣ್ಣಗೆ ಹೊರಬಂದವು. ಎಲ್ಲಿ ಕಲಿತಿರಿ ಎಂದು ಕೇಳಿದೆ. ಗದಗಿನಲ್ಲಿ ಮನೆ ಪಕ್ಕದ ಅಕ್ಕಸಾಲಿಗರು ಪೊಳ್ಳು ಬಂಗಾರದೊಳಗೆ ಅರಗು ತುಂಬಿ, ಅದು ತಗ್ಗಾಗದಂತೆ ಚಿತ್ರ ಬಡಿಯುತ್ತಿದ್ದರಂತೆ. ಚಿಕ್ಕಂದಿನಲ್ಲಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ ಎಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಮಾಲಕರ ತಲೆಗೆ ಫೈವ್ ಆಕ್ಸಿಸ್ ಯಂತ್ರ ಹೊಕ್ಕಿತು. ನಮ್ಮ ಹಳೆಯ ಯಂತ್ರಗಳು ಮೂರು ದಿಕ್ಕಿನಲ್ಲಷ್ಟೇ ಚಲಿಸುತ್ತಿದ್ದವು. ಹೊಸದರಲ್ಲಿ ತುಂಡು ಕೂತ ಮೇಜೂ ವಾಲುತ್ತದೆ, ತಿರುಗುತ್ತದೆ. ಒಮ್ಮೆ ಕಟ್ಟಿದರೆ ಸಾಕು, ಬುಡವೊಂದನ್ನು ಬಿಟ್ಟು ಎಲ್ಲ ಮೈಯನ್ನೂ ಅದೇ ಕಡಿದು ಮುಗಿಸುತ್ತದೆ, ಅದೂ ಹಳೆಯದರ ಹಲವು ಪಟ್ಟು ವೇಗದಲ್ಲಿ. ಹಾಗಾದರೆ ಓರೆಗೊಂದು ಫಿಕ್ಸ್ಚರ್ ಯಾಕೆ ಬೇಕು? ಈ ಪ್ರಶ್ನೆಯನ್ನು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಯಂತ್ರವನ್ನು ಪರೀಕ್ಷಿಸಿ ಕೊಳ್ಳಬೇಕೋ ಬೇಡವೋ ಹೇಳುವ ಹೊಣೆಯನ್ನು ಮಾಲಕರು ಬಾಯಿಯವರಿಗೇ ಒಪ್ಪಿಸಿದರು. ಜೊತೆಗೆ ನಾನು.

ಮಾರುವವರ ಪ್ರದರ್ಶನ ಶಾಲೆ ಚಾಕಣದ ದಾರಿಯಲ್ಲಿತ್ತು. ಕಾರಿನಲ್ಲಿ ಹೋಗುವಾಗ ನಾನು ಮೆಲ್ಲಗೆ, ಇದು ಬಂದರೆ ನಿಮ್ಮ ವಿಭಾಗದ ಗತಿ ಏನ್ರಿ ಎಂದೆ. ಅವರು ಕಿಟಕಿಯಾಚೆ ನೋಡುತ್ತ, "ಮೊದಲ ಕಡೀಲಿ, ಆಮ್ಯಾಲೆ ಮಾತಾಡೋಣು" ಎಂದರು. ಯಾವ ಹೊಸ ವಸ್ತುವಿಗೂ ಅವರದು ಅದೇ ಮಾತು.

ಅಲ್ಲಿಯವರು ಕನ್ನಡಿಯಂತೆ ಹೊಳೆಯುವ ಮಾದರಿಯ ತುಂಡೊಂದನ್ನು ತೋರಿಸಲು ಸಿದ್ಧವಾಗಿದ್ದರು. ಬಾಯಿಯವರು ಕಾರಿನಿಂದ ನಮ್ಮ ತೆಳುರೆಕ್ಕೆಯ ಚಕ್ರದ ಕಚ್ಚಾ ತುಂಡುಗಳನ್ನು ಇಳಿಸಿ, ಇದನ್ನು ಕಡಿದು ತೋರಿಸಿ ಎಂದರು. ಗಾಜಿನಾಚೆ ಮೇಜು ವಾಲಿತು, ತಿರುಗಿತು, ಉಳಿ ಸಂದಿಯೊಳಗೆ ನುಗ್ಗಿ ರೆಕ್ಕೆಯ ಬೆನ್ನನ್ನು ಸವರಿಕೊಂಡು ಹೊರಬಂತು. ನಾವು ದಿನಗಟ್ಟಲೆ ಮಾಡುವ ಕೆಲಸ ನಾವು ನಿಂತಿದ್ದಂತೆಯೇ ಮುಗಿಯಿತು. ಅಳೆದು ನೋಡಿದರೆ ಎಲ್ಲ ಸರಿ. ಅಲ್ಲಿಯವರು ಚಹಾ ತರಿಸಿದರು. ಬಾಯಿಯವರು ಮಾತ್ರ, ಊಟದ ಹೊತ್ತಿನವರೆಗೂ ಯಂತ್ರ ಓಡಲಿ, ಆಮೇಲೆ ಇನ್ನೊಂದು ತುಂಡು ಕಡಿಯಿರಿ ಎಂದರು. ಉಳಿ ಹಿಡಿದು ಅಷ್ಟು ವೇಗದಲ್ಲಿ ತಿರುಗುವ ಸ್ಪಿಂಡಲ್ ಬಿಸಿಯಾಗದೆ ಇರದು, ಬಿಸಿಯಾದ ಲೋಹ ಹಿಗ್ಗದೆ ಇರದು.

ಅವರ ಅನುಮಾನವೇ ನಿಜವಾಯಿತು. ಎರಡನೆಯ ಚಕ್ರದ ರೆಕ್ಕೆಯಲ್ಲಿ ವ್ಯತ್ಯಾಸ ಕಂಡಿತು. ಕೂದಲಿಗಿಂತ ಸಣ್ಣದು, ಆದರೆ ನಮ್ಮ ಮಿತಿಯ ಆಚೆ. ಮಾರುವವರ ಮುಖ ಸಣ್ಣದಾಯಿತು. ನಾನು ಬಾಯಿಯವರನ್ನು ಪಕ್ಕಕ್ಕೆ ಕರೆದು, "ಬಾಯಾರ, ಸಾಕ್ರಿ. ಇಷ್ಟ ಹೇಳಿ ಹೋಗೋಣ್ರಿ" ಎಂದೆ. ಅವರು ಬೇಡ ಎಂದರೆ ಮುಗಿಯಿತು, ಮಾಲಕರೂ ಎದುರಾಡುತ್ತಿರಲಿಲ್ಲ, ಅವರ ವಿಭಾಗವೂ ಉಳಿಯುತ್ತಿತ್ತು. ನಾನು ಹೇಳಿದ್ದು ಏನೆಂದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಎರಡೂ ಚಕ್ರಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ತಿರುವಿ ತಿರುವಿ ಬುಡ ನೋಡಿದರು. ಮತ್ತೆ ತರಿಸಿದ ಚಹಾ ಆರಿ ಕೆನೆ ಕಟ್ಟಿತು.

"ಅದು ಕೆಟ್ಟಿಲ್ಲ ತಂಗಿ" ಎಂದರು ಕೊನೆಗೆ. "ಕಾದದ ಅಷ್ಟ. ಕಾದದ್ದನ್ನ ಕೆಟ್ಟದ ಅಂತ ಹ್ಯಾಂಗ ಹೇಳ್ಲಿ?"

ಆಮೇಲೆ ಅಲ್ಲಿಯ ಎಂಜಿನಿಯರನ್ನು ಕರೆದು, ಮೇಜು ತಿರುಗುವ ನಡುಬಿಂದುವನ್ನು ಯಂತ್ರ ಬಿಸಿಯಾಗಿರುವಾಗಲೇ ಮತ್ತೆ ಅಳೆದು ಕಂಪ್ಯೂಟರಿಗೆ ತಿಳಿಸಲು ಹೇಳಿದರು. ತಣ್ಣಗಿದ್ದಾಗಿನ ಅಳತೆಯನ್ನೇ ಅದು ನಂಬಿಕೊಂಡಿತ್ತು. ಮೂರನೆಯ ತುಂಡು ಕಡಿದರು. ಅಳತೆ ಮಿತಿಯೊಳಗೆ ಬಂತು. ಬಾಯಿಯವರು ಅದನ್ನು ಅಂಗೈ ಮೇಲಿಟ್ಟುಕೊಂಡು ರೆಕ್ಕೆಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. "ಛಂದ ಆಗ್ಯದ" ಎಂದರು. ಮರುದಿನ ಅವರು ಮಾಲಕರ ಕೋಣೆಗೆ ಹೋಗಿ ಕೊಳ್ಳಿ ಎಂದು ಹೇಳಿ ಬಂದರು.

ಯಂತ್ರ ಬಂತು. ಫಿಕ್ಸ್ಚರ್ ವಿಭಾಗದ ಹುಡುಗರು ಪ್ರೋಗ್ರಾಮಿಂಗ್ ಕಡೆಗೆ ಹೋದರು. ಯಾರ ಕೆಲಸವೂ ಹೋಗಕೂಡದೆಂದು ಬಾಯಿಯವರು ಮೊದಲೇ ಮಾಲಕರಿಂದ ಮಾತು ತೆಗೆದುಕೊಂಡಿದ್ದರು. ತಮ್ಮ ಬಗ್ಗೆ ಏನೂ ಕೇಳಿರಲಿಲ್ಲ. ಮಾಲಕರು ಅವರನ್ನೂ ಇರಿ ಎಂದರು. ಇದ್ದರು ಕೂಡ, ಒಂದಷ್ಟು ಕಾಲ. ಅವರ ದೊಡ್ಡ ಮೇಜಿಗೆ ನಕ್ಷೆಗಳು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಊಟವಾದ ಮೇಲೆ ಹೋಗಿ ಯಂತ್ರದ ಗಾಜಿನ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ಬೇಸರವೇ ಎಂದು ಕೇಳಿದರೆ, "ಹಂಗೇನಿಲ್ಲ. ನೋಡಾಕ ಭಾಳ ಛಲೋ ಅನಸ್ತದ" ಎನ್ನುವರು. ಆ ಮಾತನ್ನು ನಾನು ನಂಬಿದೆ. ಈಗಲೂ ನಂಬುತ್ತೇನೆ. ಆದರೆ ಅವರು ಮೊದಲಿನಂತೆ ದಡದಡ ನಡೆಯುತ್ತಿರಲಿಲ್ಲ.

ಬ್ಯಾಂಕಿನಲ್ಲಿದ್ದ ಅವರ ಯಜಮಾನರಿಗೆ ಬಾರಾಮತಿಗೆ ವರ್ಗವಾದಾಗ ಬಾಯಿಯವರೂ ರಾಜೀನಾಮೆ ಕೊಟ್ಟು ಹೊರಟರು. ಅಲ್ಲಿ ಒಂದು ಪಾಲಿಟೆಕ್ನಿಕ್‌ನಲ್ಲಿ ಕಲಿಸತೊಡಗಿದರೆಂದು ಕೇಳಿದೆ. ಫೋನಿನಲ್ಲಿ ಆಗೀಗ ಮಾತಾಡುತ್ತಿದ್ದೆವು, ಬರಬರುತ್ತ ಅದೂ ಕಡಿಮೆಯಾಯಿತು. ಡಬ್ಬಿ ತೆರೆದಾಗ ಮಾತ್ರ ನೆನಪಾಗುತ್ತಿದ್ದರು, ಅಂದರೆ ದಿನವೂ.

ಕೆಲವು ವರ್ಷದ ಮೇಲೆ ಕ್ಯಾಂಪಿನಲ್ಲಿ ಅಕಸ್ಮಾತ್ತಾಗಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಹೋಟೆಲಿನಲ್ಲಿ ಕೂತು ಚಹಾ ಕುಡಿದೆವು. ಮಗಳನ್ನು ವಿಚಾರಿಸಿದರು, ಆಮೇಲೆ ಯಂತ್ರವನ್ನು. ಸ್ಪಿಂಡಲ್ಲಿನ ಬೇರಿಂಗ್ ಬದಲಾಯಿಸಿದ್ದೇವೆ, ಚೆನ್ನಾಗಿ ಓಡುತ್ತಿದೆ ಎಂದೆ. ಅವರ ಮುಖ ಅರಳಿತು. ಕಬ್ಬಿನ ಹೊಲದಿಂದ ಬರುವ ತಮ್ಮ ಹುಡುಗ ಹುಡುಗಿಯರು ಅಂಥ ಯಂತ್ರವನ್ನು ಚಿತ್ರದಲ್ಲಷ್ಟೇ ಕಂಡಿದ್ದಾರೆ ಎಂದು ಹೇಳಿ, "ಒಂದಿನ ಕರಕೊಂಡು ಬರ್ತೀನಿ. ನೀ ನಿಂತು ತೋರಸ್ಬೇಕು ನೋಡು" ಎಂದರು. ಬರ್ರಿ ಬಾಯಾರ, ನಿಮ್ಮದ ಯಂತ್ರ ಅದು ಎಂದೆ. ಅವರು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಆ ವರ್ಷ ದಸರೆಯ ನಂತರ ವಿದ್ಯಾರ್ಥಿಗಳು ಬಂದರು. ಜೊತೆಗೆ ಬಂದವರು ಬೇರೊಬ್ಬ ಮೇಷ್ಟರು. ಬಾಯಿಯವರು ಶ್ರಾವಣದಲ್ಲಿ ತೀರಿಕೊಂಡಿದ್ದರು. ಭೇಟಿಯ ಅನುಮತಿಯನ್ನೆಲ್ಲ ಅವರೇ ಮಾಡಿಸಿ ಇಟ್ಟಿದ್ದರಂತೆ, ಆದ್ದರಿಂದ ಬಿಡಬಾರದೆಂದು ಬಂದೆವು ಎಂದರು ಮೇಷ್ಟರು. ನನಗೆ ಯಾರೂ ತಿಳಿಸಿರಲಿಲ್ಲ.

ಮಕ್ಕಳು ಗಾಜಿನ ಮುಂದೆ ಒತ್ತೊತ್ತಾಗಿ ನಿಂತರು. ನಾನು ಮರಾಠಿಯಲ್ಲಿ ಎಲ್ಲ ವಿವರಿಸಿದೆ: ಮೇಜು ಹೇಗೆ ವಾಲುತ್ತದೆ, ಬಿಸಿಯಾದಾಗ ಏನು ಮಾಡಬೇಕು. ಚಕ್ರ ಮುಗಿದು ಬಾಗಿಲು ಸರಿದಾಗ ಒಬ್ಬ ಹುಡುಗಿ ಅದನ್ನು ಮುಟ್ಟಬಹುದೇ ಎಂದು ಕೇಳಿದಳು. ಇನ್ನೂ ಬೆಚ್ಚಗಿತ್ತು. ಅವಳ ಕೈಗೆ ಕೊಟ್ಟೆ. ಬಾಯಿಯವರು ಕೆಲಸ ಬಿಟ್ಟು ಹೋದ ಮೇಲೆ ಆ ಶೆಡ್ಡಿನೊಳಗೆ ನಾನು ಕನ್ನಡ ಮಾತಾಡಿಯೇ ಇರಲಿಲ್ಲ. ಆ ಹೊತ್ತಿಗೆ, ಛಂದ ಆಗ್ಯದ ನೋಡ್ರಿ ಬಾಯಾರ ಎಂಬ ಮಾತು ನನ್ನ ಬಾಯಿಂದ ಹೊರಟೇಬಿಟ್ಟಿತು. ಹುಡುಗಿ ತಲೆಯೆತ್ತಿ, ಏನಂದಿರಿ ಎಂದು ಮರಾಠಿಯಲ್ಲಿ ಕೇಳಿದಳು. ಏನಿಲ್ಲ, ಜೋಪಾನವಾಗಿ ಹಿಡಿ ಎಂದೆ.