ಹರಿಯದೆ ಇಟ್ಟ ಪುಸ್ತಕ

ಅಡುಗೆಮನೆಯ ನೆಲದಲ್ಲಿ ಕುಳಿತು ಹಲಸಿನ ಬೀಜದ ಬಿಳಿ ಸಿಪ್ಪೆ ತೆಗೆಯುತ್ತಿದ್ದೆ. ಬೆಳಿಗ್ಗೆ ಹತ್ತೂವರೆ ಆಗಿರಬಹುದು. ಫೋನು ಬಂತು. ಮುಂಡಾಜೆಯಲ್ಲಿರುವ ನನ್ನ ತಂಗಿಯ ಗಂಡನದ್ದು.

“ಅಕ್ಕ, ಭಾವ ಇದ್ದಾರಾ?”

“ಫ್ಯಾಕ್ಟರಿಗೆ ಹೋಗಿದ್ದಾರೆ. ಎಂತ ಆಯ್ತು?”

“ಇವಳ ಕೈ ಮೆಶಿನಿನಲ್ಲಿ ಸಿಕ್ಕಿತು ಅಕ್ಕ. ಬಲಗೈ. ಮಂಗಳೂರಿಗೆ ಕರ್ಕೊಂಡು ಹೋಗ್ತಾ ಇದ್ದೇವೆ, ಬೆಳ್ತಂಗಡಿ ದಾಟಿತು. ಹಿಡಿಯನ್ನು ಮೇಲೆ ಎತ್ತಿದ್ದಾಳಂತೆ. ಪುಸ್ತಕದಲ್ಲಿ ಹಾಗೆಯೇ ಉಂಟಲ್ವಾ? ಮೇಲೆ ಎತ್ತಿದ್ರೆ ಅಚ್ಚು ಮೇಲೆ ಹೋಗ್ತದೆ ಅಂತ ಉಂಟಲ್ವಾ?”

ಅವನ ಮಾತಿನ ಹಿಂದೆ ತಂಗಿ ನರಳುವುದು ಕೇಳಿಸುತ್ತಿತ್ತು. ಅವನು ಯಾವ ಪುಸ್ತಕದ ಮಾತಾಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅದನ್ನು ಅವಳ ಕೈಗೆ ಕೊಟ್ಟವಳು ನಾನು.

ನಮ್ಮವರು ಮೂಡಬಿದ್ರೆಯ ಹೊರಗಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಹಾಳೆ ತಟ್ಟೆ ಮಾಡುವ ಮೆಶಿನು ತಯಾರಾಗುತ್ತದೆ. ನೆನೆಸಿದ ಅಡಿಕೆ ಹಾಳೆಯನ್ನು ಕೆಳಗಿನ ಅಚ್ಚಿನ ಮೇಲೆ ಇಟ್ಟರೆ ಬಿಸಿಯಾದ ಮೇಲಿನ ಅಚ್ಚು ಇಳಿದು ಒತ್ತುತ್ತದೆ, ತಟ್ಟೆಯಾಗುತ್ತದೆ. ಇವರು ಫಿಟ್ಟರ್ ಆಗಿ ಸೇರಿದವರು. ಕನ್ನಡ ಚೆನ್ನಾಗಿ ಬರೆಯುತ್ತಾರೆಂದು ಮೆಶಿನಿನ ಜೊತೆ ಹೋಗುವ ಪುಸ್ತಕ ಬರೆಯುವ ಕೆಲಸವೂ ಇವರ ತಲೆಗೇ ಬಂತು. ಮೆಶಿನನ್ನು ಹೇಗೆ ಕೂರಿಸಬೇಕು, ಹೇಗೆ ನಡೆಸಬೇಕು, ಕೆಟ್ಟರೆ ಏನು ಮಾಡಬೇಕು ಎಂಬ ಹದಿನಾರು ಪುಟದ ಪುಸ್ತಕ.

ಬರೆದದ್ದನ್ನು ಮೊದಲು ಓದಿ ಹೇಳುವುದು ನನಗೆ. ಇವರು ಒಂದೊಂದೇ ಸಾಲು ಓದಬೇಕು, ನಾನು ಮಣೆಯ ಮೇಲೆ ಕುಳಿತು, ಲಟ್ಟಣಿಗೆಯನ್ನು ಮೆಶಿನಿನ ಹಿಡಿ ಎಂದು ತಿಳಿದುಕೊಂಡು ಹಾಗೇ ಮಾಡಬೇಕು. ನಾನು ಎಲ್ಲಿ ತಡವರಿಸಿದೆನೋ ಅಲ್ಲಿ ಇವರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು.

“ಅಚ್ಚಿನ ನಡುವೆ ಹಾಳೆ ಇಡಿರಿ. ಎಚ್ಚರಿಕೆ, ಅಚ್ಚು ಬಿಸಿ ಇರುತ್ತದೆ” ಎಂದು ಒಮ್ಮೆ ಓದಿದರು.

“ಕೈ ಸುಟ್ಟ ಮೇಲೆ ಹೇಳುವುದಾ?” ಎಂದೆ. “ಮೊದಲೇ ಹೇಳಿ ಮಾರಾಯ್ರೆ.”

“ನೀನು ಫ್ಯಾಕ್ಟರಿಗೆ ಬಾ, ನಾನು ಹುಳಿಗೆ ಮಸಾಲೆ ಅರೀತೇನೆ” ಎಂದು ನಕ್ಕರು. ಆದರೆ ಅಂದಿನಿಂದ ಎಚ್ಚರಿಕೆಯ ಮಾತು ಕೆಲಸದ ಮಾತಿಗಿಂತ ಮೊದಲು ಬಂತು. ಒಂದು ಸಾಲಿಗೆ ಒಂದೇ ಕೆಲಸ, ಸಾಲಿನ ಪಕ್ಕದಲ್ಲೇ ಅದರ ಚಿತ್ರ. ‘ಮಾಡತಕ್ಕದ್ದು’ ಎಂದು ಬರೆಯಬಾರದು, ‘ಮಾಡಿ’ ಎಂದರೆ ಸಾಕು. ಇದೆಲ್ಲ ಅವರು ಯಾವ ಕಾಲೇಜಿನಲ್ಲಿಯೂ ಕಲಿತದ್ದಲ್ಲ. ಓದಿದವರು ಎಲ್ಲಿ ತಪ್ಪುತ್ತಾರೆಂದು ನೋಡಿ ನೋಡಿ ಕಲಿತದ್ದು.

ಮೆಶಿನಿನಲ್ಲಿ ಏನಾದರೂ ಬದಲಾದರೆ ಪುಸ್ತಕವೂ ಬದಲಾಗುತ್ತಿತ್ತು. ಹೊರಪುಟದ ಮೂಲೆಯಲ್ಲಿ ಎಷ್ಟನೆಯ ಸಲದ್ದು ಎಂದು ಅಂಕೆ. ಹಳೆಯವುಗಳ ಮೇಲೆ ‘ರದ್ದು’ ಎಂದು ಕೆಂಪು ಸೀಲು ಹಾಕಿ, ಕಟ್ಟಿ ಮನೆಗೆ ತರುತ್ತಿದ್ದರು. “ಹರಿದು ಹಾಕು, ಇಡಿಯಾಗಿ ಯಾರಿಗೂ ಕೊಡಬೇಡ” ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಹರಿಯುತ್ತಿರಲಿಲ್ಲ. ನಮ್ಮದು ಜೈನರ ಮನೆ. ಕಾಗದ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಂಡು ಬೆಳೆದವರು ನಾವು. ಶ್ರುತ ಪಂಚಮಿಯ ದಿನ ಬಸದಿಯಲ್ಲಿ ಹಳೆಯ ಗ್ರಂಥಗಳ ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡುತ್ತಾರೆ. ಮನೆಯಲ್ಲಿಯೂ ನಾನು ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಹೂವು ಇಡುತ್ತೇನೆ. ಅಂಥ ಕೈಯಿಂದ ಅಕ್ಷರ ಹರಿಯುವುದು ಹೇಗೆ? ಅದರಲ್ಲಿಯೂ ಇವರು ರಾತ್ರಿ ಹಗಲು ಕುಳಿತು ಬರೆದ ಅಕ್ಷರ. ಕಟ್ಟನ್ನು ಕಪಾಟಿನ ಮೇಲೆ, ಚಾಪೆಯ ಸುರುಳಿಯ ಹಿಂದೆ ಇಟ್ಟುಬಿಡುತ್ತಿದ್ದೆ.

ಈ ವರ್ಷದ ಶ್ರುತ ಪಂಚಮಿಗೆ ತಂಗಿ ಬಂದಿದ್ದಳು. ಅವಳ ಮನೆಗೆ ಆಗಷ್ಟೇ ಹೊಸ ಮೆಶಿನು ಬಂದಿತ್ತು, ಇವರ ಫ್ಯಾಕ್ಟರಿಯದ್ದೇ.

“ಭಾವ, ಮೆಶಿನಿನ ಒಟ್ಟಿಗೆ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದಾರೆ. ಅದನ್ನು ನಾನು ಉಪ್ಪಿನಕಾಯಿ ಹಾಕುವುದಾ?”

“ಕನ್ನಡದ್ದು ಪ್ರೆಸ್ಸಿನಲ್ಲಿ ಉಂಟು. ಹದಿನೈದು ದಿನ ತಡಿ. ಅಷ್ಟರೊಳಗೆ ನಾನೇ ಒಮ್ಮೆ ಬಂದು ತೋರಿಸ್ತೇನೆ.”

“ನೀವು ಬರುವಾಗ ನನಗೆ ಮೊಮ್ಮಕ್ಕಳಾಗಿರ್ತಾರೆ.”

ಇವರು ನಕ್ಕು ಬಸದಿಗೆ ಹೊರಟರು. ನಾನು ಕಪಾಟಿನ ಮೇಲಿಂದ ಒಂದು ಹಳೆಯ ಪುಸ್ತಕ ತೆಗೆದೆ. ಅದೇ ಮೆಶಿನು, ಅದೇ ಅಚ್ಚು, ಅಂಥದ್ದೇನು ಬದಲಾಗಿರುತ್ತದೆ ಎಂದುಕೊಂಡೆ. ಕೆಂಪು ಸೀಲು ಕಣ್ಣಿಗೆ ಬಿತ್ತು. ಹಬ್ಬದ ದಿನ ಕೊಡುವ ಪುಸ್ತಕ, ‘ರದ್ದು’ ಎಂದು ಇದ್ದರೆ ಚೆನ್ನಾಗಿರುವುದಿಲ್ಲ ಎನಿಸಿತು. ಶಾಲೆಯ ಪುಸ್ತಕಕ್ಕೆ ಹಾಕಿದ ಹಾಗೆ ಕಂದು ಕಾಗದದ ಬೈಂಡು ಹಾಕಿ, ನಾಲ್ಕು ಮೂಲೆಗೆ ಕುಂಕುಮ ಹಚ್ಚಿ, ಮಣೆಯ ಮೇಲೆ ಉಳಿದ ಪುಸ್ತಕಗಳ ಜೊತೆ ಇಟ್ಟು ಪೂಜೆ ಮಾಡಿಯೇ ಅವಳಿಗೆ ಕೊಟ್ಟೆ. ಅವಳು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಳು.

ಬದಲಾದದ್ದು ಒಂದೇ. ಹಳೆಯ ಮೆಶಿನಿನಲ್ಲಿ ಹಿಡಿಯನ್ನು ಮೇಲೆತ್ತಿದರೆ ಅಚ್ಚು ಮೇಲೆ ಹೋಗುತ್ತಿತ್ತು. ಹೊಸದರಲ್ಲಿ ಹಿಡಿ ಕೆಳಗೆ ಒತ್ತಿದರೆ ಅಚ್ಚು ಮೇಲೆ ಹೋಗುತ್ತದೆ, ಎತ್ತಿದರೆ ಇಳಿಯುತ್ತದೆ. ಮೆಶಿನು ಕೂರಿಸಲು ಬಂದವನು ಅವಳ ಗಂಡನಿಗೆ ತೋರಿಸಿ ಹೋಗಿದ್ದ. ಗಂಡನೇ ನಡೆಸುತ್ತಿದ್ದ, ಇವಳು ಹಾಳೆ ತೊಳೆದು ಕೊಡುತ್ತಿದ್ದಳು. ಆ ಬೆಳಿಗ್ಗೆ ಅವನು ಪೇಟೆಗೆ ಹೋಗಿದ್ದಾಗ, ತಾನೂ ಕಲಿಯುತ್ತೇನೆಂದು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಇವಳು ಒಬ್ಬಳೇ ಕುಳಿತಳು. ಹಾಳೆ ಓರೆಯಾಯಿತೆಂದು ಸರಿಮಾಡಲು ಬಲಗೈ ಒಳಗೆ ಹಾಕುತ್ತಾ, ಅಚ್ಚು ಇನ್ನೂ ಮೇಲೆ ಹೋಗಲಿ ಎಂದು ಎಡಗೈಯಿಂದ ಹಿಡಿ ಎತ್ತಿದಳು. ಪುಸ್ತಕದಲ್ಲಿ ಇದ್ದ ಹಾಗೆಯೇ.

ನಾನು ಆಸ್ಪತ್ರೆಗೆ ಮುಟ್ಟುವಾಗ ಅವಳನ್ನು ಆಪರೇಶನ್ನಿಗೆ ಒಳಗೆ ತೆಗೆದುಕೊಂಡು ಹೋಗಿದ್ದರು. ನಮ್ಮವರು ನನಗಿಂತ ಮೊದಲೇ ಬಂದಿದ್ದರು. ತಂಗಿಯ ಗಂಡನ ಅಂಗಿಯ ತುಂಬ ರಕ್ತ. ಅವನು ಚೀಲದಿಂದ ಪುಸ್ತಕ ತೆಗೆದು ಇವರ ಎದುರು ಹಿಡಿದ.

“ಇಷ್ಟು ವರ್ಷದಿಂದ ಬರೀತೀರಿ ಭಾವ. ಮೇಲೆ ಯಾವುದು ಕೆಳಗೆ ಯಾವುದು ಅಂತ ನಿಮಗೆ ಗೊತ್ತಿಲ್ವಾ?”

ಇವರು ಪುಸ್ತಕ ತೆಗೆದುಕೊಂಡರು. ಬೈಂಡಿನ ಒಂದು ಮಡಿಕೆ ಬಿಚ್ಚಿ ಒಳಗೆ ನೋಡಿದರು. ಕೆಂಪು ಸೀಲಿನ ತುದಿ ನನಗೂ ಕಂಡಿತು. ಇವರು ನನ್ನ ಮುಖ ನೋಡಲಿಲ್ಲ. ಮಡಿಕೆಯನ್ನು ಹಾಗೆಯೇ ಮೊದಲಿನಂತೆ ಮಡಚಿದರು.

“ತಪ್ಪಾಯ್ತು” ಎಂದರು.

“ತಪ್ಪಾಯ್ತಾ? ಅಷ್ಟೇಯಾ?”

“ಇವರದ್ದಲ್ಲ” ಎಂದೆ. “ಹರಿದು ಹಾಕು ಅಂತ ಇವರು ಕೊಟ್ಟದ್ದು. ನಾನು ಹರಿಯಲಿಲ್ಲ. ಸೀಲಿನ ಮೇಲೆ ಬೈಂಡು ಹಾಕಿ ಅವಳಿಗೆ ಕೊಟ್ಟದ್ದು ನಾನು.”

ಅವನು ನನ್ನನ್ನೇ ನೋಡಿದ. ಬೈಯುತ್ತಾನೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. “ನೀವಾ ಅಕ್ಕ?” ಎಂದು ಕೇಳಿ ಬೆಂಚಿನ ಮೇಲೆ ಕುಳಿತುಬಿಟ್ಟ. ನಾನು ಪಂಚನಮಸ್ಕಾರ ಮಂತ್ರ ಹೇಳಿಕೊಳ್ಳಲು ಹೋದೆ. ಐದು ಸಾಲು, ಹುಟ್ಟಿದಾಗಿನಿಂದ ಹೇಳುತ್ತಿರುವುದು, ಮೂರನೆಯದಾದ ಮೇಲೆ ಮತ್ತೆ ಮೊದಲನೆಯದೇ ಬಂತು.

ತೋರುಬೆರಳು, ನಡುಬೆರಳು ಹೋದವು. ಉಂಗುರ ಬೆರಳು ಉಂಟು, ಮಡಚುವುದಿಲ್ಲ. ಹೆಬ್ಬೆರಳು ಉಳಿಯಿತು, ಕಿರುಬೆರಳು ಉಳಿಯಿತು. ಅಚ್ಚು ಪೂರ್ತಿ ಬಿಸಿಯಾಗಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಅಚ್ಚು ಪೂರ್ತಿ ಒತ್ತುವ ಮೊದಲೇ ನಿಂತಿತು, ಪಕ್ಕದ ಮನೆಯವರು ಅವಳ ಕೂಗು ಕೇಳಿ ಓಡಿ ಬಂದರು. ಇವನ್ನೆಲ್ಲ ನಾನು ದಿನವೂ ಎಣಿಸುತ್ತೇನೆ. ದೇವರು ಕೈ ಬಿಡಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಎರಡು ಬೆರಳಿನ ಹತ್ತಿರ ಬಂದಾಗ ಎಣಿಕೆ ನಿಲ್ಲುತ್ತದೆ.

ಅವಳಿಗೆ ಎಚ್ಚರವಾದ ಮೇಲೆ ನಾನೇ ಹೇಳಿದೆ. ಅವಳು ಫ್ಯಾನು ನೋಡುತ್ತಾ ಮಲಗಿದ್ದಳು.

“ಒಂದೊಂದು ಸಾಲೂ ಓದಿದೆ ಅಕ್ಕ” ಎಂದಳು. “ಒಂದನ್ನೂ ಬಿಡಲಿಲ್ಲ.”

ಅದಕ್ಕಿಂತ ಹೆಚ್ಚಿಗೆ ಇಂದಿನವರೆಗೂ ಹೇಳಿಲ್ಲ.

ಇವರು ನನ್ನ ಮೇಲೆ ಒಮ್ಮೆಯೂ ಸಿಟ್ಟು ಮಾಡಲಿಲ್ಲ. “ಕನ್ನಡದ ಪುಸ್ತಕ ಇಲ್ಲದೆ ಮೆಶಿನು ಕಳಿಸಿದ್ದು ನಾವು. ಸೀಲು ಹೊರಪುಟಕ್ಕೆ ಮಾತ್ರ ಹಾಕಿದ್ದು ನಾನು. ಫ್ಯಾಕ್ಟರಿಯಲ್ಲೇ ಹಾಳು ಮಾಡಬೇಕಾದ್ದನ್ನು ಮನೆಗೆ ತಂದದ್ದೂ ನಾನು” ಎಂದರು. ಈಗ ಪುಸ್ತಕ ಸಿದ್ಧವಾಗದೆ ಮೆಶಿನು ಗೇಟು ದಾಟುವುದಿಲ್ಲ. ಹಿಡಿಯ ಪಕ್ಕದಲ್ಲಿ ಮೆಶಿನಿನ ಮೈಗೇ ಬಾಣದ ಗುರುತು ಹಾಕಿ, ‘ಅಚ್ಚು ಮೇಲೆ’, ‘ಅಚ್ಚು ಕೆಳಗೆ’ ಎಂದು ಕನ್ನಡದಲ್ಲಿ ಬರೆಸಿದ್ದಾರೆ. ಪುಸ್ತಕದ ಒಂದೊಂದು ಪ್ರತಿಗೂ ನಂಬರು ಕೊಟ್ಟಿದ್ದಾರೆ, ಹಳೆಯದು ಯಾರಲ್ಲಿ ಉಂಟೆಂದು ಫೋನು ಮಾಡಿ ಹಿಂದೆ ತರಿಸುತ್ತಾರೆ, ಪ್ರತಿ ಪುಟಕ್ಕೂ ಸೀಲು ಹಾಕಿ ಅಲ್ಲೇ ಕತ್ತರಿಸುತ್ತಾರೆ. ನಮ್ಮ ಮನೆಯ ಕಟ್ಟನ್ನು ಮಾತ್ರ ಅವರು ಮುಟ್ಟಲಿಲ್ಲ. ನಾನೇ ತೆಗೆಯಲಿ ಎಂದು ಬಿಟ್ಟರೋ ಏನೋ.

ಡ್ರೆಸಿಂಗಿಗೆ ಹತ್ತಿರವಾಗುತ್ತದೆಂದು ತಂಗಿ ನಮ್ಮಲ್ಲೇ ಇದ್ದಾಳೆ. ಮೊನ್ನೆ ಸಂಜೆ ಕಟ್ಟನ್ನು ಇಳಿಸಿ ಜಗಲಿಯಲ್ಲಿ ಬಿಚ್ಚಿದೆ. ಹನ್ನೊಂದು ಪುಸ್ತಕ ಇದ್ದವು. ಒಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕೈ ಏಳಲಿಲ್ಲ.

ತಂಗಿ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕುಳಿತಳು. “ಇದಕ್ಕೆಲ್ಲ ಬೈಂಡು ಹಾಕಲಿಲ್ವಾ?” ಎಂದಳು. ತಮಾಷೆಗೆ ಹೇಳಿದಳೋ, ಚುಚ್ಚಿ ಹೇಳಿದಳೋ ತಿಳಿಯಲಿಲ್ಲ. ಅವಳು ಎಡಗೈ ಚಾಚಿ ಪುಸ್ತಕದ ಒಂದು ಬದಿಯನ್ನು ಗಟ್ಟಿಯಾಗಿ ಹಿಡಿದಳು.

“ಎಳಿ ಅಕ್ಕ. ನನ್ನಿಂದ ಒಂದೇ ಕೈಯಲ್ಲಿ ಆಗುವುದಿಲ್ಲ.”

ಎಳೆದೆ. ಹನ್ನೊಂದನ್ನೂ ಹಾಗೆಯೇ ಹರಿದೆವು. ಚೂರುಗಳು ಜಗಲಿಯ ತುಂಬ ಬಿದ್ದವು. ಕಾಲಿಗೆ ತಾಗಿದ್ದನ್ನು ಈ ಸಲ ಕಣ್ಣಿಗೆ ಒತ್ತಿಕೊಳ್ಳಲಿಲ್ಲ.

ಹೊತ್ತು ಇಳಿಯುತ್ತಿತ್ತು. ಕತ್ತಲಾದ ಮೇಲೆ ನಾವು ಊಟ ಮಾಡುವವರಲ್ಲ, ಅವಳಿಗೆ ಅನ್ನ ಕಲಸಿ ಕೊಡಬೇಕು. ಸೌತೆಕಾಯಿ ಹುಳಿ ಬಿಸಿಗಿಡಲು ಎದ್ದೆ.