ಹಳೆಯ ಕಂಪ್ಯೂಟರಿನ ಉರಿ ಏರಿಸಿದ್ದು

ನನ್ನ ಮೊಮ್ಮಗಳಿಗೆ ಸೀಟು ಸಿಕ್ಕಿತು!

ಇವತ್ತು ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಒಳಗಿನಿಂದ ಕಿರುಚಿದ್ದು ಕೇಳಿತು. ಜಿರಳೆ ಬಂದಿರಬೇಕೆಂದು ಪೊರಕೆ ಹಿಡಿದು ಓಡಿದೆ. ನೋಡಿದರೆ ಹುಡುಗಿ ಮಂಚದ ಮೇಲೆ ನಿಂತು ಫೋನು ಎತ್ತಿ ಹಿಡಿದು ಕುಣಿಯುತ್ತಿದ್ದಾಳೆ. ವಿಲೆ ಪಾರ್ಲೆಯ ಕಾಲೇಜಿನಲ್ಲಿ, ಅವಳು ಎರಡು ವರ್ಷದಿಂದ ಕನಸು ಕಾಣುತ್ತಿದ್ದ ಆನಿಮೇಶನ್ ಕೋರ್ಸಿಗೆ, ಅವಳ ಹೆಸರು ಬಂದಿದೆ! ಕೈಯಲ್ಲಿದ್ದ ಪೊರಕೆ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಭಾಂಡುಪಿನ ನಮ್ಮ ಬಿಲ್ಡಿಂಗಿನ ನಾಲ್ಕೂ ಮಾಳಿಗೆ ಹತ್ತಿ ಇಳಿದು ಹೇಳಿ ಬಂದೆ. ಮೂರನೆಯ ಮಾಳಿಗೆಯ ಮರಾಠಿ ಅಜ್ಜಿಗೆ ಎರಡು ಸಲ ಹೇಳಿದೆನಂತೆ. ಎರಡು ಸಲವೂ ಆಕೆ ಸಕ್ಕರೆ ಕೊಟ್ಟರು, ಎರಡು ಸಲವೂ ತಿಂದೆ.

ನಾನು ಓದಿದ್ದು ಐದನೇ ಕ್ಲಾಸು. ಉಡುಪಿ ಕಡೆಯಿಂದ ಬಂದು ನಲವತ್ತು ವರ್ಷ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವನು. ಬರೆದದ್ದು ಊರಿಗೆ ಕಾಗದ, ಅಷ್ಟೇ. ಆದರೆ ಇವತ್ತು ಬರೆಯದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು.

ಕೆಲವು ವಾರ ಹಿಂದಿನ ಒಂದು ಶುಕ್ರವಾರದಿಂದ ಹೇಳುತ್ತೇನೆ.

ಕಾಲೇಜಿನವರು ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಒಂದು ಸಣ್ಣ ಆನಿಮೇಶನ್ ಚಿತ್ರ ಮಾಡಿ ಕಳಿಸಬೇಕೆಂದಿದ್ದರು. ಒಂದು ನಿಮಿಷ ತಡವಾದರೂ ತೆಗೆದುಕೊಳ್ಳುವುದಿಲ್ಲ. ಹುಡುಗಿ ಎರಡು ನಿಮಿಷದ ಚಿತ್ರ ಮಾಡಿದ್ದಳು. ಲೋಕಲ್ ಟ್ರೇನಿನಲ್ಲಿ ಮರೆತುಹೋದ ಒಂದು ಟಿಫಿನ್ ಡಬ್ಬಿ ತಾನೇ ಮನೆ ಹುಡುಕಿಕೊಂಡು ಹೋಗುವ ಕತೆ. ಅವಳ ಕೆಲಸ ಮುಗಿದಿತ್ತು, ಕಂಪ್ಯೂಟರಿನದು ಬಾಕಿ. ಅವಳು ಹೇಳಿಕೊಟ್ಟಂತೆ ಅದು ಒಂದೊಂದೇ ಚಿತ್ರವನ್ನು ನೆರಳು ಬೆಳಕು ಹಾಕಿ ಬಿಡಿಸಿ ಇಡಬೇಕು. ಅಂಥ ಚಿತ್ರಗಳು ಮೂರು ಸಾವಿರದ ಹತ್ತಿರ. ಕಂಪ್ಯೂಟರೋ ಮಲಾಡಿನಲ್ಲಿ ಬಾಗಿಲು ಹಾಕಿದ ಆಫೀಸಿನಿಂದ ನನ್ನ ಮಗ ಹೊತ್ತು ತಂದ ಹಳೆಯದು. ಶುಕ್ರವಾರ ಬೆಳಿಗ್ಗೆ ಹುಡುಗಿ ಲೆಕ್ಕ ಹಾಕಿ ನೋಡಿದಳು: ಈ ವೇಗದಲ್ಲಿ ಮುಗಿಯುವುದು ಸೋಮವಾರ ಸಂಜೆ ಐದಕ್ಕೆ.

"ಅಜ್ಜಾ, ಓವರ್‌ಕ್ಲಾಕ್ ಕರ್ನಾ ಪಡೇಗಾ" ಎಂದಳು.

"ಹಾಗಂದ್ರೆ ಎಂತ ಮಾರಾಯ್ತಿ?"

"ಕಂಪನಿ ಇಟ್ಟ ಸ್ಪೀಡಿಗಿಂತ ಜಾಸ್ತಿ ಓಡಿಸೋದು. ಒಳಗೆ ಪ್ರೊಸೆಸರ್ ಇದೆ ನಾ, ಅದು ಕೆಲಸ ಮಾಡ್ತದೆ. ಮೆಮರಿ ಅದಕ್ಕೆ ಸಾಮಾನು ಕೈಗೆ ಕೊಡ್ತದೆ. ದೋನೋಂಕೋ ಫಾಸ್ಟ್ ಮಾಡ್ಬೇಕು."

ನನಗೆ ಅರ್ಥವಾಯಿತು. ಒಬ್ಬ ಕಾವಲಿಯವನು, ಇನ್ನೊಬ್ಬ ಹಿಟ್ಟು ತಂದುಕೊಡುವವನು. ಭಾನುವಾರದ ಗಿರಾಕಿ ಬಾಗಿಲಲ್ಲಿ ಸಾಲು ನಿಂತರೆ ಇಬ್ಬರೂ ಕೈ ಬೀಸಬೇಕು, ಉರಿಯೂ ಏರಬೇಕು.

"ಬಿಸಿ ಆಗುದಿಲ್ವಾ?"

"ಆಗ್ತದೆ ಅಜ್ಜಾ. ವಹೀ ತೋ ಡರ್ ಹೈ, ಅದೇ ಹೆದರಿಕೆ."

ಅವಳು ಕಂಪ್ಯೂಟರ್ ಶುರುವಾಗುವ ಮುಂಚೆ ಯಾವುದೋ ಗುಂಡಿ ಒತ್ತಿ ಬಿಳಿ ಅಕ್ಷರಗಳ ಪುಟವೊಂದನ್ನು ತೆರೆದಳು. ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದ ವೇಗದ ದೊಡ್ಡ ಸಂಖ್ಯೆಯನ್ನು ಒಮ್ಮೆಲೇ ಹಾಕಿದಳು. ನಾಲ್ಕು ನಿಮಿಷ ಓಡಿತು, ಪಟ್ಟನೆ ನಿಂತಿತು. ಮತ್ತೆ ಹಾಕಿದಳು, ಮತ್ತೆ ನಿಂತಿತು. ಮೂರನೆಯ ಸಲ ಪರದೆ ಬೆಳಗಲೇ ಇಲ್ಲ. ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಸ್ವಲ್ಪ ಸರಿಸಿ, ಒಳಗೆ ಕೈ ಹಾಕಿ ನಾಣ್ಯದಂಥ ಒಂದು ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ವಾಪಸು ಹಾಕಿದಳು. ಕಂಪ್ಯೂಟರು ಹೊಸದಾಗಿ ಹಾಕಿದ್ದನ್ನೆಲ್ಲ ಮರೆತು ಹಳೆಯ ವೇಗಕ್ಕೇ ಎದ್ದು ಕೂತಿತು. ಹುಡುಗಿ ಮಾತ್ರ ಏಳಲಿಲ್ಲ. ನೆಲದ ಮೇಲೆಯೇ ಕೂತು ಉಗುರು ಕಚ್ಚತೊಡಗಿದಳು.

"ಹೋಯ್ತು ಅಜ್ಜಾ. ಹೀಟ್ ಆಗಿ ಬಂದ್ ಆಗ್ತಿದೆ. ಇನ್ನು ಸೀಟಿಲ್ಲ, ಏನಿಲ್ಲ."

ನಾನು ಪೆಟ್ಟಿಗೆಯ ಮೇಲಿನ ಜಾಲರಿಯ ಮೇಲೆ ಅಂಗೈ ಹಿಡಿದೆ. ಅಷ್ಟು ಬಿಸಿಯಾದ ಯಂತ್ರದಿಂದ ಗಾಳಿ ರಭಸವಾಗಿ ಹೊರಗೆ ಬರಬೇಕು. ಇದು ಕಾಯಿಲೆಯವನ ಉಸಿರಿನಂತೆ ಬರುತ್ತಿತ್ತು. ಹೋಟೆಲಿನ ಹೊಗೆ ಫ್ಯಾನಿಗೆ ಜಿಡ್ಡು ಕಟ್ಟಿದಾಗ ಥೇಟು ಹೀಗೆಯೇ.

"ಗಾಳಿ ಹೋಗುವ ದಾರಿ ಕಟ್ಟಿದೆ" ಎಂದೆ. ಅಷ್ಟರಲ್ಲೇ ಕಟ್ಟಿದ್ದು ಏನೆಂದು ನನಗೆ ಹೊಳೆದುಬಿಟ್ಟಿತ್ತು.

ಹೋಟೆಲಿನಲ್ಲಿ ಆಯುಧ ಪೂಜೆಯ ದಿನ ಗ್ರೈಂಡರಿಗೆ, ಕಾವಲಿಗೆ, ತೆಂಗಿನಕಾಯಿ ತುರಿಯುವ ಯಂತ್ರಕ್ಕೆ ಕುಂಕುಮ ಹಚ್ಚಿ ಹೂವು ಹಾಕುತ್ತಿದ್ದೆವು. ಅನ್ನ ಕೊಡುವ ಯಂತ್ರಕ್ಕೆ ವರ್ಷಕ್ಕೊಮ್ಮೆಯಾದರೂ ಕೈ ಮುಗಿಯಬೇಡವೆ? ಮನೆಗೆ ಕಂಪ್ಯೂಟರು ಬಂದ ಮೇಲೆ ಅದಕ್ಕೂ ಮಾಡತೊಡಗಿದೆ. ಮೂರು ವರ್ಷ. ಹುಡುಗಿ ಕ್ಲಾಸಿಗೆ ಹೋದ ಹೊತ್ತು ನೋಡಿ ಜಾಲರಿಯ ಮೇಲೆ ಚೆಂಡುಹೂವಿನ ಎಸಳು ಉದುರಿಸಿ ಮುಷ್ಟಿ ತುಂಬ ಅಕ್ಷತೆ ಹಾಕುತ್ತಿದ್ದೆ. ಮಾರನೆಯ ದಿನ ನೋಡಿದರೆ ಒಂದು ಕಾಳೂ ಇರುತ್ತಿರಲಿಲ್ಲ. ದೇವರು ಸ್ವೀಕರಿಸಿದ ಎಂದುಕೊಂಡಿದ್ದೆ.

ಸುಮ್ಮನಿರಬಹುದಿತ್ತು. ಆದರೆ ಹುಡುಗಿಯ ಮುಖ ನೋಡಿ ಎಲ್ಲ ಹೇಳಿಬಿಟ್ಟೆ. ಅವಳು ಸ್ಕ್ರೂಡ್ರೈವರ್ ತಂದು ತಗಡನ್ನು ಪೂರ್ತಿ ಬಿಚ್ಚಿ, ಫ್ಯಾನು ಕಳಚಿ, ಟಾರ್ಚ್ ಹಿಡಿದಳು. ಪ್ರೊಸೆಸರಿನ ಮೇಲೆ ಬಿಸಿ ಹೀರುವ ತಗಡಿನ ಪದರಗಳಿದ್ದವು. ಅವುಗಳ ಸಂದಿಗಳಲ್ಲಿ ಸಾಲಾಗಿ ಅರಸಿನದ ಅಕ್ಕಿ. ನಡುವೆ ಒಣಗಿದ ಎಸಳು, ಧೂಳಿನ ಹತ್ತಿ.

ನನ್ನ ಹೆಂಡತಿ ಇಣುಕಿ ನೋಡಿದಳು. "ಇಷ್ಟು ಅಕ್ಕಿಯಲ್ಲಿ ಒಂದು ಪಾಯಸ ಆಗ್ತಿತ್ತು. ಮೊಮ್ಮಗಳಿಗೆ ಬಡಿಸುದು ಬಿಟ್ಟು ಈ ಡಬ್ಬಕ್ಕೆ ಬಡಿಸಿದ್ರಾ?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು. ನನಗೆ ಜೀವ ಬಂತು.

ಕಾವಲಿಗೆ ಎಣ್ಣೆ ಸವರಲು ತಂದಿಟ್ಟಿದ್ದ ಹೊಸ ಬ್ರಷ್ಷಿನಿಂದ ಸಂದಿ ಸಂದಿ ಉಜ್ಜಿ ಒಂದೊಂದು ಕಾಳನ್ನೂ ಹೊರಗೆ ತೆಗೆದೆ. ಅವಳು ಪ್ರೊಸೆಸರಿನ ಮೇಲಿನ ಒಣಗಿದ ಹಳೆಯ ಮುಲಾಮು ಒರೆಸಿ, ಬಿಸಿ ದಾಟಿಸುವ ಹೊಸ ಮುಲಾಮಿನ ಟ್ಯೂಬು ತೆಗೆದಳು. ಧಾರಾಳವಾಗಿ ಹಾಕು ಎಂದೆ. "ನಹೀಂ ಅಜ್ಜಾ, ಬಟಾಣಿಯಷ್ಟೇ" ಎಂದಳು. ಸರಿಯೇ. ಕಾವಲಿಗೂ ಎಣ್ಣೆ ಹೆಚ್ಚಾದರೆ ದೋಸೆ ಹಿಡಿಯುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಅವಳು ಮತ್ತೆ ಅದೇ ದೊಡ್ಡ ಸಂಖ್ಯೆ ಹಾಕಲು ಹೊರಟಳು. ನಾನು ಕೈ ಹಿಡಿದೆ.

"ಒಮ್ಮೆಲೇ ಬೇಡ ಮಗಾ. ಉರಿ ಚೂರು ಏರಿಸು. ಮೂರು ದೋಸೆ ತೆಗೆದು ನೋಡು. ಮೂರೂ ಸರಿ ಎದ್ದರೆ ಮತ್ತೆ ಚೂರು ಏರಿಸು. ಸೀದದ್ದು ಕಂಡ್ರೆ ಒಂದು ಮೆಟ್ಟಿಲು ಇಳಿಸಿ ಅಲ್ಲೇ ನಿಲ್ಲಿಸು. ಆಸೆ ಮಾಡ್ಬೇಡ."

"ಲೇಕಿನ್ ಟೈಮ್, ಅಜ್ಜಾ..."

"ಕಾವಲಿ ಸುಟ್ಟ ಮೇಲೆ ಟೈಮು ಇಟ್ಕೊಂಡು ಎಂತ ಮಾಡ್ತಿ?"

ಅವಳು ಒಂದು ಮೆಟ್ಟಿಲು ಏರಿಸಿ ಹತ್ತು ನಿಮಿಷ ಜೋರಾಗಿ ದುಡಿಸಿ ನೋಡಿದಳು. ನಿಲ್ಲಲಿಲ್ಲ. ಇನ್ನೊಂದು ಮೆಟ್ಟಿಲು. ನಾನು ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಅವಳು ಪರದೆಯಲ್ಲಿ ಬಿಸಿಯ ಅಂಕಿ ಓದುವಾಗ ಜಾಲರಿಯ ಮೇಲೆ ಅಂಗೈ ಹಿಡಿಯುತ್ತಿದ್ದೆ. ಈಗ ಗಾಳಿ ಭರ್ರನೆ ಬರುತ್ತಿತ್ತು. ಐದನೆಯ ಮೆಟ್ಟಿಲಲ್ಲಿ ಪರದೆ ನೀಲಿಯಾಗಿ ನಿಂತಿತು. ಅವಳು ನನ್ನ ಮುಖ ನೋಡಿದಳು. "ಇಳಿಸು" ಎಂದೆ. ನಾಲ್ಕಕ್ಕೆ ಇಳಿಸಿದಳು. ಮೆಮರಿಗೂ ಹಾಗೆಯೇ. ಎರಡು ಮೆಟ್ಟಿಲು ತಡೆಯಿತು, ಮೂರನೆಯದರಲ್ಲಿ ತಪ್ಪು ಮಾಡತೊಡಗಿತು, ಎರಡಕ್ಕೇ ಬಿಟ್ಟೆವು. ಸಂಜೆ ನಾಲ್ಕಕ್ಕೆ ಚಿತ್ರದ ಕೆಲಸ ಶುರುವಾಯಿತು. ಹೊಸ ವೇಗದ ಪ್ರಕಾರ ಸೋಮವಾರ ಹತ್ತರ ಸುಮಾರಿಗೆ ಮುಗಿಯಬೇಕು.

ಆ ಮೂರು ದಿನ ನಮ್ಮ ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಕಂಪ್ಯೂಟರಿನ ಸೇವೆಗೆ ನಿಂತಿತು. ಮಗ ಕೆಲಸದಿಂದ ಬಂದು ಅಂಗಿ ಬೀಸಿಕೊಳ್ಳುತ್ತ, "ಅಪ್ಪ, ಮನುಷ್ಯರಿಗೆ ಗಾಳಿ ಇಲ್ಲ, ಡಬ್ಬಕ್ಕೆ ಉಂಟಾ?" ಎಂದ. "ನಿನಗೆ ಸೀಟು ಬೇಕಾಗಿಲ್ಲವಲ್ಲ" ಎಂದೆ. ಒಲೆಯ ಬಿಸಿ ತಾಗಬಾರದೆಂದು ಸೊಸೆ ಹುರಿಯುವುದು ಕರಿಯುವುದು ಬಂದ್ ಮಾಡಿದಳು. ಅವಲಕ್ಕಿ ಮೊಸರು, ಮೊಸರು ಅವಲಕ್ಕಿ. ಯಾರೂ ಗೊಣಗಲಿಲ್ಲ.

ಸೋಮವಾರ ಹತ್ತೂ ಕಾಲಿಗೆ ಕೊನೆಯ ಚಿತ್ರ ಮುಗಿಯಿತು. ಹನ್ನೊಂದರೊಳಗೆ ಕಳಿಸಿದಳು. ಆಮೇಲೆ ಕಾಯುವುದು, ಅದರ ಮಾತು ಬೇಡ. ಇವತ್ತು ಸುದ್ದಿ ಬಂತಲ್ಲ!

ಸಂಜೆ ನೀರುದೋಸೆಗೆ ನಾನೇ ನಿಂತೆ. ಸಂತೋಷದಲ್ಲಿ ಕೈ ಹಿಡಿತಕ್ಕೆ ಸಿಗಲಿಲ್ಲ. ಉರಿಯನ್ನು ಪೂರ್ತಿ ತಿರುಗಿಸಿ ಹಿಟ್ಟು ಹೊಯ್ದೆ. ನಲವತ್ತು ವರ್ಷದ ಕೈಯಿಂದ ಮೊದಲ ದೋಸೆಯೇ ಕರಿ ಕಟ್ಟಿತು. ಹಿಂದಿನಿಂದ ಹುಡುಗಿ ಹೇಳಿದಳು:

"ಒಂದು ಮೆಟ್ಟಿಲು ಇಳಿಸಿ ಅಜ್ಜಾ. ಆಸೆ ಮಾಡ್ಬೇಡಿ."

ಇಳಿಸಿದೆ. ಆಮೇಲೆ ಎಲ್ಲವೂ ಬೆಳ್ಳಗೆ ಎದ್ದವು. ನಲವತ್ತು ದೋಸೆ ಮಡಚಿಟ್ಟು ಒಲೆ ಆರಿಸಿದೆ. ಕಾವಲಿಯವನು ಯಾವತ್ತೂ ಕೊನೆಗೆ, ನಿಂತೇ ತಿನ್ನುವವನು. ಇವತ್ತು ಹೆಂಡತಿ ನನ್ನ ಕೈಯಿಂದ ಸಟ್ಟುಗ ಕಸಿದುಕೊಂಡಳು. ಐದೂ ಜನ ನೆಲದ ಮೇಲೆ ಸುತ್ತ ಕೂತೆವು, ನಡುವೆ ದೋಸೆ, ಕಾಯಿಬೆಲ್ಲ, ಫ್ಯಾನಿನ ಗಾಳಿ ನಮ್ಮ ಕಡೆಗೆ. ಮಗ ಒಂಬತ್ತು ತಿಂದ. ಆ ಕರಿ ಕಟ್ಟಿದ ಮೊದಲ ದೋಸೆಯನ್ನು ಮೊಮ್ಮಗಳು ಕೇಳಿ ಹಾಕಿಸಿಕೊಂಡು, ಬೆಲ್ಲ ಸೇರಿಸಿ, ಪೂರ್ತಿ ತಿಂದಳು.