ನಿನಗೂ ಕಾಣ್ತಿದೆಯಾ?

ಹಲ್ಲಿನ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಇಲ್ಪೊ ತನ್ನ ಕಣ್ಣನ್ನು ತಾನೇ ನಂಬುವವನಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ರೋಗಿಯೊಬ್ಬರ ಫೋನ್ ನಂಬರ್ ತಿದ್ದಿದರೂ ಸಾಕು, ಎದ್ದು ಪಕ್ಕದ ಮೇಜಿಗೆ ಹೋಗಿ, "ನಿನ್ನ ಕಂಪ್ಯೂಟರಲ್ಲಿ ನೋಡು, ನಿನಗೂ ಕಾಣ್ತಿದೆಯಾ?" ಎಂದು ಕೇಳುತ್ತಾನೆ. ಮನೆಯಲ್ಲಿ ಮೀನಿನ ಸೂಪಿಗೆ ಉಪ್ಪು ಹಾಕಿದರೆ ಹೆಂಡತಿಗೂ ಇಂಥದೇ ಪ್ರಶ್ನೆ. ಬಿಸಿ ಹಬೆಯ ಸ್ನಾನದ ಕೋಣೆಯಾದ ಸೌನಾದಲ್ಲಿ ಒಲೆ ಹೊತ್ತಿಸಿದರೆ, ಬೆವರಿನಲ್ಲಿ ತೊಯ್ದು ಕೂತ ಭಾವಮೈದುನನಿಗೂ, "ಬಿಸಿ ನಿನಗೂ ತಾಗ್ತಿದೆಯಾ?" ಎನ್ನುತ್ತಾನೆ. "ಇಲ್ಪೊ, ನೀನು ಪ್ಯಾಂಟ್ ಹಾಕ್ಕೊಂಡಿರೋದು ನಮಗೂ ಕಾಣ್ತಿದೆ ಮಾರಾಯ, ಧೈರ್ಯವಾಗಿ ಒಳಗೆ ಬಾ" ಎಂದು ಆಸ್ಪತ್ರೆಯ ಕಾಫಿ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡುವವರು ರೇಗಿಸುತ್ತಾರೆ. ಅವನು ನಗುವುದಿಲ್ಲ, ಕಿವಿ ಕೆಂಪಗಾಗುತ್ತದೆ. ಹಿಂದೊಮ್ಮೆ ಹೆಲ್ವಿ ಎಂಬ ಅಜ್ಜಿ, ಗಂಡ ತೀರಿಕೊಂಡರೆಂದು ತಿಳಿಸಿದಾಗ ಆ ಗಂಡನ ಹೆಸರನ್ನು ಡೇಟಾಬೇಸಿನಿಂದ ಅಳಿಸಿದವನು ಇವನೇ. ಮತ್ತೆ ಹುಡುಕಿ, ಇಲ್ಲವೆಂದು ಖಾತ್ರಿಯನ್ನೂ ಮಾಡಿಕೊಂಡಿದ್ದ. ಆದರೆ ಕೊನೆಯಲ್ಲಿ, ತಿದ್ದಿದ್ದನ್ನು ಖಾಯಂ ಮಾಡುವ 'ಕಮಿಟ್' ಎಂಬುದನ್ನು ಬರೆಯಲು ಮರೆತಿದ್ದ. ಆ ಒಂದು ಮಾತಿಲ್ಲದಿದ್ದರೆ ಅಳಿಸಿದ್ದು ಅಳಿಸಿದವನಿಗಷ್ಟೇ ಕಾಣುತ್ತದೆ. ಪ್ರೋಗ್ರಾಂ ಮುಗಿದೊಡನೆ ಎಲ್ಲ ಮೊದಲಿನಂತಾಗುತ್ತದೆ. ಸತ್ತವರ ಫೋನಿಗೆ, ಹಲ್ಲು ತೋರಿಸಲು ಬನ್ನಿ ಎಂಬ ಮೆಸೇಜ್ ಹೋಯಿತು. ಹೆಲ್ವಿ ಆ ಫೋನನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಬಂದರು. "ನಾನು ನೋಡಿದಾಗ ಹೆಸರು ಇರಲಿಲ್ಲಮ್ಮ" ಎಂದು ಇಲ್ಪೊ ತೊದಲಿದ. ಆಕೆ ಬೈಯಲಿಲ್ಲ. "ಹಾಗಾದ್ರೆ ಅವರು ಇಲ್ಲ ಅನ್ನೋದು ನಮ್ಮಿಬ್ಬರಿಗೆ ಮಾತ್ರ ಕಾಣ್ತಿದೆಯೇನಪ್ಪಾ?" ಎಂದರು.